ಪವರ್ ಸ್ಟೀರಿಂಗ್ ಹಾಕಿಸಬೇಕಾ, ಬೇಡವಾ?

ನನ್ನ ಮಜ್ದಾ ಮಿಯಾಟಾ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, 1990ರ ಮಾಡೆಲ್. ಆಗ ಅಮೆರಿಕದಲ್ಲಿ ಈ ಗಾಡಿಗೆ ಪವರ್ ಸ್ಟೀರಿಂಗ್ ಬೇಕೆಂದರೆ ಮೇಲೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಮೊದಲ ಮಾಲೀಕ ಹಾಕಿಸಿಕೊಂಡಿರಲಿಲ್ಲ. ಓಡುವಾಗ ಅದರಿಂದ ಏನೂ ತೊಂದರೆ ಇಲ್ಲ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ದಿನಸಿ ಅಂಗಡಿ ಮುಂದೆ ಎರಡು ದೊಡ್ಡ ಗಾಡಿಗಳ ನಡುವೆ ನುಗ್ಗಿಸಬೇಕಾದಾಗ ಮಾತ್ರ ಭುಜ ಬಿದ್ದುಹೋಗುತ್ತೆ.

"ಇದನ್ನ ಪಾರ್ಕ್ ಮಾಡೋಕೆ ಮೊದ್ಲು ಜಿಮ್ಮಿಗೆ ಸೇರ್ಬೇಕು ಕಣೋ" ಅಂತ ಹೆಂಡತಿ ಕೀ ವಾಪಸ್ ಕೊಟ್ಟ ಮೇಲೆ ವಿಷಯ ಗಂಭೀರವಾಯಿತು.

ಸ್ಯಾನ್ ಹೋಸೆಯಲ್ಲಿ ಮಂಡ್ಯದ ಗೆಳೆಯನೊಬ್ಬ ಇದ್ದಾನೆ. ಅವನದು 1994ರ ಮಿಯಾಟಾ, ಪವರ್ ಸ್ಟೀರಿಂಗ್ ಇರುವಂಥದ್ದು. ಜೊತೆಗೆ ಗುಜರಿಯಿಂದ ತಂದ ಇನ್ನೊಂದು ಪವರ್ ರ್ಯಾಕ್ ಅವನ ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿತ್ತು. ರ್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಪಟ್ಟಿ. "ಪಂಪು, ಪೈಪು ಎಲ್ಲಾ ಅದೆ ಗುರು. ಒಂದ್ ಶನಿವಾರ ಬಾ, ಹಾಕೇಬಿಡವ" ಅಂದ.

ದಾರಿ ಮೂರಿದ್ದವು. ಒಂದು, ಪಂಪು ಎಣ್ಣೆ ತಳ್ಳಿ ಕೈಗೆ ಬಲ ಕೊಡುವ ಪೂರ್ತಿ ಪವರ್ ಸ್ಟೀರಿಂಗ್. ಎರಡು, ಪವರ್ ರ್ಯಾಕನ್ನೇ ಎಣ್ಣೆ, ಪಂಪು ಯಾವುದೂ ಇಲ್ಲದೆ ಕೂರಿಸೋದು. ರೇಸ್ ಟ್ರ್ಯಾಕಿಗೆ ಹೋಗುವವರು ಇದನ್ನ ಇಷ್ಟಪಡುತ್ತಾರೆ. ನನ್ನ ಗಾಡಿಯ ರ್ಯಾಕು 18:1, ಅಂದರೆ ಸ್ಟೀರಿಂಗ್ 18 ಡಿಗ್ರಿ ತಿರುಗಿಸಿದರೆ ಚಕ್ರ ಒಂದು ಡಿಗ್ರಿ ತಿರುಗುತ್ತೆ; ಈ ತುದಿಯಿಂದ ಆ ತುದಿಗೆ 3.3 ಸುತ್ತು. ಪವರ್ ರ್ಯಾಕು 15:1, 2.8 ಸುತ್ತು. ಅಂದರೆ ಕೈ ಕಡಿಮೆ ಆಡಿಸಿದರೆ ಸಾಕು, ಆದರೆ ಪಂಪಿಲ್ಲದಿದ್ದರೆ ಈಗಿನದಕ್ಕಿಂತ ಶೇಕಡ 20ರಷ್ಟು ಜಾಸ್ತಿ ಬಲ ಹಾಕಬೇಕು. ಜಿಮ್ಮಿನ ಮಾತು ಕೇಳಿಸಿಕೊಂಡವನಿಗೆ ಇದು ಆಗಿಬರುವಂಥದ್ದಲ್ಲ. ಮೂರನೆಯದು, ಬೇರೆ ಕಾರಿನ ಎಲೆಕ್ಟ್ರಿಕ್ ಮೋಟರ್ ತಂದು ಸ್ಟೀರಿಂಗ್ ಕಾಲಮ್ಮಿಗೆ ಸೇರಿಸೋದು. ಅದಕ್ಕೆ ಶಾಫ್ಟನ್ನು ಕತ್ತರಿಸಿ ವೆಲ್ಡಿಂಗ್ ಮಾಡಬೇಕು ಅಂತ ಗೊತ್ತಾದಾಗಲೇ ಕೈಬಿಟ್ಟೆ. ಘಟ್ಟದ ತಿರುವಿನಲ್ಲಿ ಆ ವೆಲ್ಡಿಂಗ್ ನೆನಪಾದರೆ ಮುಗೀತು ಕಥೆ.

ಬಿಚ್ಚುವ ಮೊದಲು ಎರಡೂ ಗಾಡಿ ಓಡಿಸಿ ನೋಡೋಣ ಅಂತ ಬೆಳಿಗ್ಗೆ ಬೇಗ ಸಾರಾಟೋಗದಿಂದ ಹೈವೇ 9 ಹತ್ತಿದೆವು. ರೆಡ್‌ವುಡ್ ಮರಗಳ ನಡುವೆ ಸುತ್ತಿ ಸುತ್ತಿ ಸ್ಕೈಲೈನ್ ರಸ್ತೆ ಸೇರುವ ದಾರಿ ಅದು. ಮೇಲೆ ಹೋಗಿ ಗಾಡಿ ಅದಲು ಬದಲು ಮಾಡಿಕೊಂಡೆವು.

ಪವರ್ ಸ್ಟೀರಿಂಗ್ ಬಂದರೆ ರಸ್ತೆಯೇ ಕೈಗೆ ಸಿಗಲ್ಲ ಅನ್ನುವವರು ಇದ್ದಾರೆ. ಸ್ವಲ್ಪ ಅತಿ ಮಾಡ್ತಾರೆ. ನನ್ನ ಗಾಡಿಯಲ್ಲಿ ತಿರುವಿನಲ್ಲಿ ಮರಳು ಸಿಕ್ಕಿದರೆ ಚಕ್ರ ಜಾರುವ ಮುಂಚೆಯೇ ಸ್ಟೀರಿಂಗ್ ಹಗುರಾಗುತ್ತೆ, ಬೆರಳಿಗೆ ಗೊತ್ತಾಗುತ್ತೆ. ಅವನ ಗಾಡಿಯಲ್ಲೂ ಗೊತ್ತಾಯಿತು, ಸ್ವಲ್ಪ ಮೆತ್ತಗೆ ಅಷ್ಟೇ. ನಿಜ ಹೇಳಬೇಕೆಂದರೆ ಬಿಗಿ ತಿರುವುಗಳಲ್ಲಿ ಅವನದೇ ಚೆನ್ನಾಗಿತ್ತು. ಕೈ ಮೇಲೆ ಕೈ ಹಾಕುವ ಕೆಲಸವೇ ಇಲ್ಲ. ಹಾಕಿಸಿಯೇಬಿಡೋಣ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಇಳಿದೆ.

ಕೆಳಗೆ ಬಂದು ನಿಲ್ಲಿಸಿದರೆ ಅವನು ನನ್ನ ಗಾಡಿಯಿಂದ ಅಂಗೈ ಉಜ್ಜಿಕೊಳ್ಳುತ್ತಾ ಇಳಿದ. "ಇಷ್ಟೊಂದು ಗಟ್ಟಿ ಇರಬಾರ್ದು ಗುರು. ಪವರ್ ಇಲ್ಲದ ಮಿಯಾಟಾ ನಾನೂ ಓಡ್ಸಿವ್ನಿ. ಇದ್ರಲ್ಲಿ ಬೇರೆ ಏನೋ ಅದೆ."

ಅವನ ಮನೆಗೆ ಹೋಗಿ ಮುಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಜಾಕ್ ಹಾಕಿ ಎತ್ತಿದೆವು. ಈಗ ಟೈರಿನ ಹಿಡಿತ ಇಲ್ಲ. ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಅಲ್ವಾ? ತಿರುಗಲಿಲ್ಲ. ಸ್ವಲ್ಪ ದೂರ ನುಣ್ಣಗೆ ಹೋಗಿ ಬಿಗಿಯಾಗುತ್ತಿತ್ತು, ಮತ್ತೆ ಸಡಿಲ, ಮತ್ತೆ ಬಿಗಿ. ಒಂದು ಸುತ್ತಿಗೆ ಸರಿಯಾಗಿ ಎರಡು ಸಲ. ರ್ಯಾಕ್ ಕೆಟ್ಟಿದ್ದರೆ ಹೀಗೆ ಲೆಕ್ಕ ಇಟ್ಟು ಹಿಡಿಯಲ್ಲ. ಟಾರ್ಚ್ ಬಿಟ್ಟು ನೋಡಿದರೆ ಸ್ಟೀರಿಂಗ್ ಶಾಫ್ಟಿನ ಕೆಳಗಿನ ಯೂನಿವರ್ಸಲ್ ಜಾಯಿಂಟ್, ಅಂದರೆ ಶಾಫ್ಟು ಓರೆಯಾಗಿ ಬಾಗಿಯೂ ತಿರುಗುವಂತೆ ಮಾಡುವ ಕೀಲು, ಅದರ ಸುತ್ತ ಕೆಂಪಗೆ ತುಕ್ಕಿನ ಪುಡಿ. ಗೆಳೆಯ ಅದಕ್ಕೆ ಎಣ್ಣೆ ಹೊಡೆದ, ನಾನು ಒಳಗೆ ಕೂತು ಆ ಕಡೆ ಈ ಕಡೆ ತಿರುಗಿಸುತ್ತಾ ಹೋದೆ. ಬಿಗಿ ಅರ್ಧಕ್ಕರ್ಧ ಇಳಿಯಿತು. ಆಮೇಲೆ ಆ ಶಾಫ್ಟನ್ನೇ ಬದಲಾಯಿಸಿದೆ.

ಎತ್ತಿದ್ದೇ ಎತ್ತಿದೆವು ಅಂತ ಚಕ್ರವನ್ನು ಎಡಬಲ ಹಿಡಿದು ಅಲುಗಾಡಿಸಿದೆವು. ಎಡಗಡೆ ಟಕ್ ಟಕ್ ಅಂತು. ರ್ಯಾಕನ್ನು ಚಕ್ರಕ್ಕೆ ಸೇರಿಸುವ ಕೊನೆಯ ಕೀಲು, ಟೈ ರಾಡ್ ಎಂಡ್, ಅದರ ರಬ್ಬರ್ ಹರಿದು ಗ್ರೀಸೆಲ್ಲ ಒಣಗಿತ್ತು. ಟೈರು ನೋಡಿದರೆ 205 ಮಿಲಿಮೀಟರ್ ಅಗಲದ್ದು. ಈ ಗಾಡಿಗೆ ಕಂಪನಿ ಕೊಟ್ಟಿದ್ದು 185. ಟೈರು ಅಗಲವಾದಷ್ಟೂ ತಿರುಗಿಸೋದು ಭಾರ. ಹಿಂದಿನ ಮಾಲೀಕ ಚಂದ ಕಾಣಲಿ ಅಂತ ಹಾಕಿದ ಸ್ಟೀರಿಂಗ್ ವೀಲಿನ ಅಗಲ ಬರೀ 33 ಸೆಂಟಿಮೀಟರ್. 36ರದ್ದು ಹಾಕಿದರೆ ಅದೊಂದರಿಂದಲೇ ಶೇಕಡ 8ರಷ್ಟು ಬಲ ಉಳಿಯುತ್ತೆ. ಇಷ್ಟೆಲ್ಲ ಇಟ್ಟುಕೊಂಡು ಪಂಪ್ ಹಾಕಿದ್ದರೆ ಸ್ಟೀರಿಂಗ್ ಹಗುರ ಆಗುತ್ತಿತ್ತು ನಿಜ. ಆ ಜಾಯಿಂಟು ಮಾತ್ರ ಒಳಗೊಳಗೇ ಸಾಯುತ್ತಾ ಇರುತ್ತಿತ್ತು.

ಪಂಪ್ ಬಿಟ್ಟು ಇಷ್ಟನ್ನೇ ಹಾಕಿಸಿದೆ: ಶಾಫ್ಟು, ಎರಡೂ ಕಡೆ ಟೈ ರಾಡ್ ಎಂಡ್, 185ರ ಟೈರು, ದೊಡ್ಡ ವೀಲು. ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸೋದು. ಅಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಕ್ಯಾಸ್ಟರ್ ಕೋನವನ್ನು, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನು, ಯಾರೋ ಜಾಸ್ತಿ ಇಟ್ಟಿದ್ದರು. ಜಾಸ್ತಿ ಇದ್ದರೆ ಹೈವೇಯಲ್ಲಿ ಗಾಡಿ ನೆಟ್ಟಗೆ ಹೋಗುತ್ತೆ, ಆದರೆ ಸ್ಟೀರಿಂಗ್ ಭಾರ. ಕಂಪನಿ ಅಳತೆಗೆ ಇಳಿಸಿಸಿದೆ. ಖರ್ಚಿನಲ್ಲಿ ದೊಡ್ಡ ಪಾಲು ಟೈರಿಗೇ ಹೋಯಿತು, ಅದು ಹೇಗೂ ಈ ವರ್ಷ ಬದಲಾಯಿಸಬೇಕಿತ್ತು.

ಹೆಂಡತಿ ಓಡಿಸಿ ನೋಡಿದಳು. ನಿಂತ ಗಾಡಿಯಲ್ಲಿ ತಿರುಗಿಸೋದು ಈಗಲೂ ಕಷ್ಟವೇ. ಆದರೆ ಅವಳು ಮೈಸೂರಿನಲ್ಲಿ ಕಾರು ಕಲಿತಿದ್ದು ಮಾರುತಿ 800ರಲ್ಲಿ. "ನಮ್ಮಪ್ಪ ಹೇಳ್ಕೊಟ್ಟಿದ್ರು, ಗಾಡಿ ಒಂಚೂರು ಉರುಳಿದ ಮೇಲೆ ಸ್ಟೇರಿಂಗ್ ತಿರುಗ್ಸು ಅಂತ" ಅಂದವಳೇ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ಗೆರೆಯೊಳಗೆ ನಿಲ್ಲಿಸಿದಳು.

ಹೈವೇ 9ರ ಬಿಗಿ ತಿರುವಿನಲ್ಲಿ ಆ 15:1 ರ್ಯಾಕಿನ ಚುರುಕು ಈಗಲೂ ಆಸೆ ಹುಟ್ಟಿಸುತ್ತೆ, ಸುಳ್ಳು ಯಾಕೆ ಹೇಳಲಿ. ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಪವರ್ ರ್ಯಾಕನ್ನು ಯಾರೋ ಕೇಳುತ್ತಿದ್ದಾರಂತೆ, ಕೊಟ್ಟುಬಿಡಲಾ ಅಂದ. ಒಂದು ನಿಮಿಷ ಯೋಚನೆ ಮಾಡಿದೆ. ಕೊಡು, ಪಂಪನ್ನೂ ಸೇರಿಸಿಯೇ ಕೊಡು ಅಂದೆ.