ಕಲ್ಯಾಣದಿಂದ ಹೋದ ದ್ವಾರಪಾಲಕ

ಲಕ್ಕುಂಡಿಯ ಬ್ರಹ್ಮ ಜಿನಾಲಯದ ನೆರಳಿನಲ್ಲಿ ಸಾಲಾಗಿ ಕೂರಿಸಿ ನಮ್ಮ ಇತಿಹಾಸದ ಮೇಷ್ಟ್ರು ಹೇಳಿದ್ದ ಸಂಗತಿ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಆ ಬಸದಿಯನ್ನು ಕಟ್ಟಿಸಿದ್ದು 1007ರಲ್ಲಿ. ಅದೇ ಹೊತ್ತಿಗೆ ಚೋಳರ ದಂಡು ಕನ್ನಡ ನಾಡಿನೊಳಕ್ಕೆ ನುಗ್ಗಿ ಬಂದಿತ್ತು. ಒಂಬತ್ತು ಲಕ್ಷ ಸೈನ್ಯ ದೋಣೂರಿನವರೆಗೆ ಬಂದು, ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಂದಿತೆಂದು ಹೊಟ್ಟೂರಿನ ಶಾಸನ ಹೇಳುತ್ತದೆ. ಒಂಬತ್ತು ಲಕ್ಷ ಎಂಬುದು ಶಾಸನ ಬರೆದವನ ಸಂಕಟದ ಲೆಕ್ಕ. ಸಂಕಟ ಮಾತ್ರ ನಿಜವೇ ಇರಬೇಕು. ಆ ದಂಡನ್ನು ಹಿಂದಕ್ಕಟ್ಟಿದ ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯ, ಕವಿ ರನ್ನ ತನ್ನ ಭೀಮನಲ್ಲಿ ಕಂಡ ಸತ್ಯಾಶ್ರಯ. ಶಾಸನ ಅವನನ್ನು 'ತಿಗುಳಮಾರಿ' ಎಂದು ಕರೆಯುತ್ತದೆ. ತಮಿಳರ ಪಾಲಿನ ಮಾರಿ.

ಹಾಗಾಗಿ ಬಾಲ್ಯದಲ್ಲಿ ಚೋಳರೆಂದರೆ ನಮಗೆ ಶತ್ರುಗಳು. ಮುಂದೆ ಓದುತ್ತಾ ಹೋದಂತೆ ಅವರು ಕಟ್ಟಿದ್ದರ ಬಗ್ಗೆ ಬೆರಗು ಬೆಳೆಯಿತು. ಆದರೂ ತಂಜಾವೂರಿಗೆ ಹೋಗಲು ಕಾಲು ಏಳಲಿಲ್ಲ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಒಂದು ಫೋಟೊ. ಚಾಲುಕ್ಯರ ರಾಜಧಾನಿ ಕಲ್ಯಾಣದಿಂದ ಚೋಳರು ಹೊತ್ತೊಯ್ದ ದ್ವಾರಪಾಲಕನ ವಿಗ್ರಹ. ಅವನು ಈಗಲೂ ತಂಜಾವೂರಿನ ಅರಮನೆಯ ಕಲಾಶಾಲೆಯಲ್ಲಿ ನಿಂತಿದ್ದಾನೆ ಎಂದು ತಿಳಿದ ವಾರದಲ್ಲೇ ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದೆ.

ಕುಂಭಕೋಣದಲ್ಲಿ ನನಗೊಬ್ಬ ಹಳೆಯ ಗೆಳೆಯರಿದ್ದಾರೆ. ತಮಿಳು ಅಧ್ಯಾಪಕರಾಗಿ ನಿವೃತ್ತರಾದವರು, ಶಾಸನದ ಅಕ್ಷರಗಳನ್ನು ಪತ್ರಿಕೆ ಓದಿದಷ್ಟೇ ಸಲೀಸಾಗಿ ಓದುವವರು. ಬೆಳಗಿನ ಜಾವದ ಚಳಿಯಲ್ಲಿ ನಿಲ್ದಾಣಕ್ಕೆ ಬಂದಿದ್ದರು. ದ್ವಾರಪಾಲಕನನ್ನು ನೋಡುವ ಆತುರ ನನಗೆ. ಅವರು ಒಪ್ಪಲಿಲ್ಲ. ಮೊದಲು ಅವನನ್ನು ತಂದವರ ಮನೆ ನೋಡಿ, ಅವನನ್ನು ಕೊನೆಗೆ ನೋಡೋಣ ಎಂದರು.

ಚೋಳ ದೊರೆ ರಾಜರಾಜ ಕಟ್ಟಿಸಿದ ತಂಜಾವೂರಿನ ದೊಡ್ಡ ಗುಡಿಗೆ, ಬೃಹದೀಶ್ವರಕ್ಕೆ, ನಾವು ಹೋದಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಮೊದಲ ಗೋಪುರಕ್ಕೆ 'ಕೇರಳಾಂತಕನ್ ತಿರುವಾಸಲ್' ಎಂದು ಹೆಸರು. ಚೇರರನ್ನು ಗೆದ್ದ ಬಿರುದನ್ನೇ ರಾಜರಾಜ ಬಾಗಿಲಿಗೆ ಇಟ್ಟಿದ್ದಾನೆ. ಅದನ್ನು ದಾಟಿ, ರಾಜರಾಜನ್ ತಿರುವಾಸಲನ್ನೂ ದಾಟಿ ಒಳಗೆ ಬಂದರೆ ಎದುರಿಗೆ ವಿಮಾನ, ಗರ್ಭಗುಡಿಯ ಮೇಲೆ ಏಳುವ ಶಿಖರ. ಹದಿಮೂರು ನೆಲೆ, ಸುಮಾರು 60 ಮೀಟರ್ ಎತ್ತರ, ಪೂರಾ ಕಣಶಿಲೆ, ಅಂದರೆ ಗ್ರಾನೈಟ್. ತಂಜಾವೂರಿನ ಸುತ್ತ ಗದ್ದೆಯಿದೆ, ಕಾಲುವೆಯಿದೆ, ಬಂಡೆಯಿಲ್ಲ. ಹತ್ತಾರು ಕಿಲೋಮೀಟರ್ ದೂರದಿಂದ ಕಲ್ಲು ತಂದು ಕಟ್ಟಿದ ಗುಡಿ ಇದು. 1010ರಲ್ಲಿ, ತನ್ನ ಆಳ್ವಿಕೆಯ 25ನೆಯ ವರ್ಷದಲ್ಲಿ, ರಾಜರಾಜ ಶಿಖರಕ್ಕೆ ಕಲಶ ಕೊಟ್ಟ. ಇದರ ನೆರಳು ನೆಲಕ್ಕೆ ಬೀಳುವುದೇ ಇಲ್ಲ ಎಂಬ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೆ. ಸ್ವಲ್ಪ ಹೊತ್ತಿಗೆ ಸೂರ್ಯ ಮೇಲೇರಿದ. ಅಂಗಳದ ಹಾಸುಗಲ್ಲಿನ ಮೇಲೆ ಉದ್ದಕ್ಕೆ ನೆರಳು ಬಿತ್ತು. ಆ ನೆರಳಿನಲ್ಲೇ ನಾವು ನಡೆದೆವು. ಇಂಥ ಗುಡಿಗೆ ಕಟ್ಟುಕಥೆಯ ಆಸರೆ ಬೇಕಿಲ್ಲ ಅನ್ನಿಸಿತು.

ಬಂದವರೆಲ್ಲ ಕತ್ತೆತ್ತಿ ಶಿಖರ ನೋಡುತ್ತಿದ್ದರೆ, ಗೆಳೆಯರು ನನ್ನನ್ನು ಗುಡಿಯ ತಳಗಟ್ಟಾದ ಅಧಿಷ್ಠಾನದ ಪಕ್ಕಕ್ಕೆ ಕರೆದೊಯ್ದರು. ಸೊಂಟದ ಎತ್ತರದಿಂದ ಹಿಡಿದು ಮೇಲಕ್ಕೆ, ಪಟ್ಟಿಕೆ ಪಟ್ಟಿಕೆಯಲ್ಲೂ ಅಕ್ಷರ. ದುಂಡಗೆ, ಒತ್ತೊತ್ತಾಗಿ, ಸಾವಿರ ವರ್ಷದ ಗಾಳಿ ಮಳೆಯಲ್ಲೂ ಅಂಚು ಮಾಸದೆ ಉಳಿದ ಅಕ್ಷರ. ಬೆರಳಿಟ್ಟರೆ ಉಳಿಯ ಜಾಡು ತಗಲುತ್ತದೆ. ನಾವು ಕೊಟ್ಟಿದ್ದು, ನಮ್ಮ ಅಕ್ಕ ಕೊಟ್ಟಿದ್ದು, ನಮ್ಮ ಹೆಂಡಿರು ಕೊಟ್ಟಿದ್ದು, ಉಳಿದವರು ಕೊಟ್ಟಿದ್ದು, ಎಲ್ಲವನ್ನೂ ಶ್ರೀವಿಮಾನದ ಕಲ್ಲಿನಲ್ಲಿ ಕೆತ್ತಿ ಎಂದು ದೊರೆ ಅಪ್ಪಣೆ ಕೊಟ್ಟನಂತೆ. ತನ್ನ ಹೆಸರಿನ ಮಗ್ಗುಲಲ್ಲೇ ಅಕ್ಕ ಕುಂದವೈಯ ಕೊಡುಗೆಯನ್ನು ನೆನೆದ ಆ ದೊರೆಯ ಮೇಲೆ ಆ ಕ್ಷಣದಲ್ಲಿ ನನಗೆ ಪ್ರೀತಿ ಹುಟ್ಟಿತು.

ಇನ್ನೊಂದೆಡೆ ನಾನೂರು ನರ್ತಕಿಯರ ಪಟ್ಟಿಯಿದೆ. ಬೇರೆ ಬೇರೆ ಊರುಗಳ ಗುಡಿಗಳಿಂದ ಕರೆತಂದು ಇಲ್ಲಿ ನೆಲೆಗೊಳಿಸಿದವರು. ಬರಿಯ ಸಂಖ್ಯೆಯಲ್ಲ: ಪ್ರತಿಯೊಬ್ಬಳ ಹೆಸರು, ಯಾವ ಊರಿನವಳು, ಯಾವ ಕೇರಿಯ ಯಾವ ಸಾಲಿನಲ್ಲಿ ಎಷ್ಟನೆಯ ಮನೆ ಎಂಬ ವಿವರ. ತಲಾ ಒಂದು ಪಾಲು, ವರ್ಷಕ್ಕೆ ಆ ಕಾಲದ ಕಲಂ ಎಂಬ ಅಳತೆಯಲ್ಲಿ ನೂರು ಕಲಂ ಭತ್ತ. ಹನ್ನೊಂದನೆಯ ಶತಮಾನದ ನಾನೂರು ಹೆಣ್ಣುಮಕ್ಕಳ ವಿಳಾಸ ಇವತ್ತಿಗೂ ನಮಗೆ ಸಿಗುತ್ತದೆ! ಎಷ್ಟೋ ರಾಣಿಯರಿಗೂ ಈ ಭಾಗ್ಯ ಒದಗಿಲ್ಲ.

ಗೋಡೆಯ ಗುಂಟ ಓದುತ್ತಾ ಹೋಗುತ್ತಿದ್ದ ಗೆಳೆಯರು ಒಂದು ಕಡೆ ನಿಂತರು. ಇಲ್ಲಿ ನಿಮ್ಮವನಿದ್ದಾನೆ ಎಂದರು. ಬಗ್ಗಿ ನೋಡಿದೆ. ನನಗೆ ತಮಿಳು ಲಿಪಿ ಅಷ್ಟಿಷ್ಟು ಬರುತ್ತದೆ, ಹಳೆಯ ಅಕ್ಷರ ಬರುವುದಿಲ್ಲ. ಅವರು ಒಂದೊಂದೇ ಅಕ್ಷರದ ಕೆಳಗೆ ಬೆರಳು ಆಡಿಸುತ್ತಾ ಓದಿದರು. ಸತ್ಯಾಶ್ರಯನನ್ನು 'ಎಱಿಂದು' ಬಂದು ರಾಜರಾಜದೇವರು ದೇವರ ಪಾದಕ್ಕೆ ಸುರಿದ ಚಿನ್ನದ ಹೂಗಳ ಲೆಕ್ಕ ಅದು. ಎಱಿಂದು ಎಂದರೆ ಹೊಡೆದು ಕೆಡವಿ. ಕನ್ನಡವೂ ಒಂದು ಕಾಲಕ್ಕೆ ಬಳಸುತ್ತಿದ್ದ ಆ ಗಡುಸಾದ 'ಱ' ಅವರ ಬಾಯಲ್ಲಿ ಉರುಳಿತು. ನಮ್ಮ ಶಾಸನದಲ್ಲಿ ಚೋಳರನ್ನು ಅಟ್ಟಿದ ಸತ್ಯಾಶ್ರಯ, ಇಲ್ಲಿ ಚೋಳರಿಂದ ಸೋತವನು. ಎರಡೂ ಕಲ್ಲುಗಳು ಒಂದೇ ಕಾಲದವು. ಎರಡೂ ತಂತಮ್ಮ ದೊರೆಯ ಮಾತನ್ನೇ ಆಡುತ್ತಿವೆ. ಲಕ್ಕುಂಡಿಯ ಹುಡುಗ ನಾನು. ಕೆಂಪೇರಿದ ಮುಖ ಹೊತ್ತು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆದರೆ ಆ ಹೂಗಳ ಮಾತು ಮನಸ್ಸಿನಲ್ಲಿ ಉಳಿಯಿತು. ಸೋತವನ ಹೆಸರಿಲ್ಲದೆ ಆ ಹೂವಿನ ಲೆಕ್ಕವನ್ನು ಬರೆಯಲು ಅವರಿಂದಲೂ ಆಗಲಿಲ್ಲ.

ಗರ್ಭಗುಡಿಯ ಸುತ್ತಿನ ಒಳಪ್ರಾಕಾರದಲ್ಲಿ ಚೋಳರ ಕಾಲದ ಭಿತ್ತಿಚಿತ್ರಗಳಿವೆ. ನಾಯಕರ ಕಾಲದ ಬಣ್ಣದ ಪದರದ ಅಡಿಯಲ್ಲಿ ಅವಿತಿದ್ದ ಅವು ಬೆಳಕಿಗೆ ಬಂದದ್ದು 1931ರಲ್ಲಿ. ಮೇಲಂತಸ್ತಿನಲ್ಲಿ ನಾಟ್ಯದ 108 ಕರಣಗಳಲ್ಲಿ, ಅಂದರೆ ನೃತ್ಯದ ಭಂಗಿಗಳಲ್ಲಿ, 81 ಮಾತ್ರ ಕೆತ್ತಿ, ಉಳಿದ ಕಲ್ಲುಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಎರಡಕ್ಕೂ ನಮ್ಮಂಥವರಿಗೆ ಪ್ರವೇಶವಿಲ್ಲ.

ಮರುದಿನ ತಿರುವೈಯಾರಿನ ಮೇಲೆ ಹೋದೆವು. ತ್ಯಾಗರಾಜರ ಸಮಾಧಿಗೆ ಕೈಮುಗಿದು, ಐಯಾರಪ್ಪನ ಗುಡಿಯಲ್ಲಿ ನೊಳಂಬರ ನಾಡಿನಿಂದ ತಂದ ಕಂಬಗಳನ್ನು ನೋಡಿದೆವು. ನುಣುಪಾದ ಕಪ್ಪು ಕಲ್ಲು, ಕಂಬದ ಮೈತುಂಬ ನವಿರಾದ ಕೆತ್ತನೆ. ನೊಳಂಬರ ರಾಜಧಾನಿ ಹೇಮಾವತಿಯ ಕಂಬಗಳನ್ನು ನೋಡಿದ ಯಾರಿಗೂ ಇವುಗಳ ತವರು ಯಾವುದೆಂದು ಹೇಳಬೇಕಿಲ್ಲ.

ಅಲ್ಲಿಂದ ಗಂಗೈಕೊಂಡ ಚೋಳಪುರಂ. ರಾಜರಾಜನ ಮಗ ರಾಜೇಂದ್ರನ ಸೈನ್ಯ ಗಂಗೆಯವರೆಗೆ ಹೋಗಿ ಬಂದ ನೆನಪಿಗೆ ಕಟ್ಟಿದ ರಾಜಧಾನಿ. ಆ ಮಹಾನಗರದಲ್ಲಿ ಈಗ ಗುಡಿಯೊಂದೇ ಎದ್ದು ಕಾಣುತ್ತದೆ. ಅರಮನೆ ಇದ್ದ ಮಾಳಿಗೈಮೇಡಿನಲ್ಲಿ ಅಗೆದು ತೆಗೆದ ಇಟ್ಟಿಗೆಯ ತಳಪಾಯಗಳಿವೆ, ಅಷ್ಟೆ. ಗುಡಿಯ ಸುತ್ತುಗೋಡೆಯನ್ನು 1836ರಲ್ಲಿ ಕೆಡವಿ, ಕೊಳ್ಳಿಡಂ ನದಿಯ ಕೆಳ ಅಣೆಕಟ್ಟೆಗೆ ಕಲ್ಲು ಸಾಗಿಸಿದರು. ಕೋಟೆಯಂತಿದ್ದ ಆವರಣ ಇಂದು ಹುಲ್ಲುಹಾಸು. ಒಂದು ರೀತಿಯಲ್ಲಿ ಅದರಿಂದ ವಿಮಾನಕ್ಕೆ ಒಂಟಿತನದ ಚೆಲುವು ಬಂದಿದೆ. ತಂಜಾವೂರಿನದು ನೆಟ್ಟಗೆ ಏರುವ ಗಂಡುಗಾತ್ರ. ಇಲ್ಲಿನದು ಸುಮಾರು 55 ಮೀಟರಿನದು, ತಂದೆಯ ಗುಡಿಗಿಂತ ಬೇಕೆಂದೇ ತಗ್ಗಿಸಿದಂತಿದೆ, ಏರುತ್ತಾ ಏರುತ್ತಾ ಒಳಕ್ಕೆ ಬಾಗುತ್ತದೆ. ನನಗೆ ಇದೇ ಹೆಚ್ಚು ಇಷ್ಟವಾಯಿತು, ಮುಚ್ಚಿಡುವುದೇಕೆ.

ಉತ್ತರದ ಬಾಗಿಲ ಬಳಿ ಚಂಡೇಶಾನುಗ್ರಹ ಮೂರ್ತಿ. ಶಿವ ಪಾರ್ವತಿಯೊಡನೆ ಕುಳಿತು, ಕೆಳಗೆ ಕೈಮುಗಿದ ಭಕ್ತ ಚಂಡೇಶನ ತಲೆಗೆ ಹೂವಿನ ಮಾಲೆ ಸುತ್ತುತ್ತಿದ್ದಾನೆ. ಶಿವನ ಬೆರಳುಗಳನ್ನು ಗಮನಿಸಬೇಕು: ಮಗುವಿನ ತಲೆ ಬಾಚುವ ತಾಯಿಯ ಬೆರಳುಗಳು. ದೇವರು ಭಕ್ತನಿಗೆ ಕಟ್ಟುತ್ತಿರುವ ಆ ಮಾಲೆಯಲ್ಲಿ ರಾಜೇಂದ್ರ ತನ್ನ ಪಟ್ಟವನ್ನೇ ಕಂಡನೆಂದು ಹೇಳುವವರಿದ್ದಾರೆ. ಇರಬಹುದು. ಕೆತ್ತಿದ ಶಿಲ್ಪಿ ಮಾತ್ರ ಪಟ್ಟದ ಬಗ್ಗೆ ಯೋಚಿಸುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಒಳಮಂಟಪದ ಮಬ್ಬಿನಲ್ಲಿ ನಮ್ಮ ಕಡೆಯ ಇನ್ನೊಂದು ಕಲ್ಲು ಸಿಕ್ಕಿತು. ಸೂರ್ಯಪೀಠ. ಅರಳಿದ ತಾವರೆಯೇ ಸೂರ್ಯ, ಸುತ್ತ ಗ್ರಹಗಳು, ಕೆಳಗೆ ಏಳು ಕುದುರೆಗಳು ಎಳೆಯುವ ರಥ. ಚಾಲುಕ್ಯ ಕೈಯ ಕೆಲಸವೆಂದು ವಿದ್ವಾಂಸರು ಗುರುತಿಸಿದ ಈ ಪೀಠವನ್ನು ಊರಿನವರು ನವಗ್ರಹವೆಂದು ಪೂಜಿಸುತ್ತಾರೆ. ಒಬ್ಬ ಹೆಂಗಸು ಎಳ್ಳೆಣ್ಣೆಯ ದೀಪ ಹಚ್ಚಿ, ಕಣ್ಣು ಮುಚ್ಚಿ ಸುತ್ತು ಹಾಕುತ್ತಿದ್ದಳು. ಎಣ್ಣೆಯ ಜಿಡ್ಡು ಕುದುರೆಗಳ ಕತ್ತಿನ ಮೇಲೆ ಮಿನುಗುತ್ತಿತ್ತು. ಇವನ್ನು ಯಾರು ಎಲ್ಲಿಂದ ತಂದರೆಂದು ಕೇಳಲು ಬಂದಿದ್ದ ನಾನು ಅವಳ ಹಿಂದೆ ಒಂದು ಸುತ್ತು ಹಾಕಿದೆ.

ಸಂಜೆ ದಾರಾಸುರಂ. ಐರಾವತೇಶ್ವರ ಹನ್ನೆರಡನೆಯ ಶತಮಾನದ ಗುಡಿ, ಕಿರಿದು, ಕುಸುರಿಯಲ್ಲಿ ಎಲ್ಲವನ್ನೂ ಮೀರಿಸಿದ್ದು. ಅದರ ಬಗ್ಗೆ ಬೇರೆಯೇ ಬರೆಯಬೇಕು. ನನಗೆ ಬೇಕಿದ್ದದ್ದು ಇಷ್ಟೇ: ಕಲ್ಯಾಣದ ದ್ವಾರಪಾಲಕ ದೊರೆತದ್ದು ಇಲ್ಲಿ. ಅವನು ಕಲ್ಯಾಣ ಬಿಟ್ಟು ನೂರು ವರ್ಷವಾದ ಮೇಲೆ ಕಟ್ಟಿದ ಗುಡಿ ಇದು. ಅಂದರೆ ಅವನು ಚೋಳನಾಡಿನಲ್ಲೂ ಒಂದೇ ಬಾಗಿಲು ಕಾದವನಲ್ಲ.

ಮೂರನೆಯ ದಿನ ಬೆಳಿಗ್ಗೆ, ಬಾಗಿಲು ತೆಗೆಯುತ್ತಲೇ, ತಂಜಾವೂರಿನ ಅರಮನೆಯ ಕಲಾಶಾಲೆಗೆ ಹೋದೆವು. ಚೋಳರ ಕಂಚಿನ ಮೂರ್ತಿಗಳ ಮುಂದೆ ಬೇರೆ ದಿನವಾಗಿದ್ದರೆ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಆ ದಿನ ನಿಲ್ಲಲಿಲ್ಲ.

ಅವನನ್ನು ದೂರದಿಂದಲೇ ಗುರುತಿಸಿದೆ. ಸುತ್ತಲಿನ ಕಣಶಿಲೆಯ ಮೂರ್ತಿಗಳ ನಡುವೆ ಅವನೊಬ್ಬನ ಮೈ ಬೇರೆ. ಕಪ್ಪು, ನಯ, ತುಂಬಿದ ತೋಳು ತೊಡೆ, ಗದೆಯ ಆಸರೆಯಲ್ಲಿ ಒಂದು ಬದಿಗೆ ವಾಲಿದ ನಿಲುವು. ಕಣಶಿಲೆ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಚೋಳ ಶಿಲ್ಪಿ ದೊಡ್ಡ ಮೈಯನ್ನೂ ದೊಡ್ಡ ಮೌನವನ್ನೂ ಕಡೆದ. ನಮ್ಮ ಕಡೆಯವರಿಗೆ ಸರದ ಮಣಿ ಮಣಿಯನ್ನೂ ಬಿಡಿಸುವ ಹಂಬಲ. ಇವನ ಒಡವೆಗಳ ಮೇಲೆ ಕಣ್ಣಾಡಿಸಿದಾಗ ಲಕ್ಕುಂಡಿಯ ಬಾಗಿಲವಾಡಗಳೆಲ್ಲ ನೆನಪಾದವು.

ಪೀಠದ ಮೇಲೆ ತಮಿಳು ಅಕ್ಷರ. ಗೆಳೆಯರು ಓದಿದರು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಉಡೈಯಾರ್ ಶ್ರೀವಿಜಯರಾಜೇಂದ್ರದೇವರು ಕಲ್ಯಾಣಪುರವನ್ನು ಎಱಿಂದು ತಂದ ದ್ವಾರಪಾಲಕರು. ಮತ್ತೆ ಅದೇ ಎಱಿಂದು! ವಿಜಯರಾಜೇಂದ್ರನೆಂದರೆ ರಾಜೇಂದ್ರನ ಮಗ ರಾಜಾಧಿರಾಜ. 1040ರ ದಶಕದಲ್ಲಿ ಆಹವಮಲ್ಲ ಸೋಮೇಶ್ವರನ ಕಲ್ಯಾಣಕ್ಕೆ ನುಗ್ಗಿ, ಅಲ್ಲೇ ವೀರಾಭಿಷೇಕ ಮಾಡಿಸಿಕೊಂಡು ಪಡೆದ ಹೆಸರು ಅದು. ಆಗಿನ್ನೂ ಬಸವಣ್ಣ ಹುಟ್ಟಿರಲಿಲ್ಲ. ಅನುಭವ ಮಂಟಪದ ಕಲ್ಯಾಣಕ್ಕಿಂತ ಒಂದು ಶತಮಾನ ಹಿಂದಿನ ಕಲ್ಯಾಣದ ಬಾಗಿಲಲ್ಲಿ ಇವನು ನಿಂತಿದ್ದ. ಶತ್ರು ಬಂದಾಗ ತಡೆಯಲಾಗಲಿಲ್ಲ, ಶತ್ರುವಿನ ಜೊತೆಗೇ ಹೋಗಬೇಕಾಯಿತು.

ಇವನನ್ನು ತಂದ ದೊರೆ 1054ರಲ್ಲಿ ಕೊಪ್ಪಂ ಎಂಬಲ್ಲಿ ಅದೇ ಸೋಮೇಶ್ವರನ ಮೇಲಿನ ಯುದ್ಧದಲ್ಲಿ ಆನೆಯ ಮೇಲೆಯೇ ಮಡಿದ. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ನಿದ್ರಿಸಿದ ದೇವರು ಎಂದು ಕರೆಯುತ್ತವೆ. ಅವನ ತಮ್ಮ ಎರಡನೆಯ ರಾಜೇಂದ್ರ ರಣರಂಗದಲ್ಲೇ ಪಟ್ಟ ಕಟ್ಟಿಕೊಂಡ. ಸೋಮೇಶ್ವರ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಅವನ ಮಗ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನೇ ಮದುವೆಯಾದ. ಇದನ್ನೆಲ್ಲ ನಾನೂ ಗೆಳೆಯರೂ ಒಬ್ಬರ ಮಾತನ್ನು ಇನ್ನೊಬ್ಬರು ತುಂಬುತ್ತಾ ಅವನ ಮುಂದೆಯೇ ಹೇಳಿಕೊಂಡೆವು. ಅವರಿಗೆ ಗೊತ್ತಿದ್ದ ತುದಿ ನನಗೆ ಗೊತ್ತಿರಲಿಲ್ಲ, ನನ್ನ ತುದಿ ಅವರಿಗೆ ಗೊತ್ತಿರಲಿಲ್ಲ.

ಹೊರಡುವ ಮುನ್ನ ಗೆಳೆಯರು ಇನ್ನೊಮ್ಮೆ ವಿಗ್ರಹದ ಎರಡೂ ಮಗ್ಗುಲು ನೋಡಿದರು.

"ದ್ವಾರಪಾಲಕರು ಯಾವಾಗಲೂ ಇಬ್ಬರಲ್ಲವೇ? ಬಾಗಿಲಿನ ಆಚೆ ಬದಿಯವನು?"

ನಾನು ಉತ್ತರ ಕೊಡಲಿಲ್ಲ. ಅವನು ವಾಲಿದ ಕಡೆಗೆ, ಬಾಗಿಲು ಇರಬೇಕಾಗಿದ್ದ ಕಡೆಗೆ, ನಾವಿಬ್ಬರೂ ನೋಡಿದೆವು. ಅಲ್ಲಿ ಕಲಾಶಾಲೆಯ ಗೋಡೆಯಿತ್ತು.

ಅವರು ಕಲ್ಯಾಣ ನೋಡಿಲ್ಲ. ಮಳೆಗಾಲ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾರೆ. ಬೀದರಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗಿ, ಕೋಟೆ ನೋಡಿ, ನಾರಾಯಣಪುರದ ಶಿವಾಲಯಕ್ಕೂ ಹೋಗಿ ಬರುವುದೆಂದು ರೈಲು ಹೊರಡುವ ಮೊದಲೇ ನಿಶ್ಚಯವಾಗಿದೆ.