ಲೆಮೈತ್ರ್ ಹೊಡೆದುಹಾಕಿದ ಪ್ಯಾರಾ

ಮಹಾಸ್ಫೋಟದ ಕಲ್ಪನೆ ಕೊಟ್ಟವರು ಒಬ್ಬ ಪಾದ್ರಿ, ಹಾಗಾಗಿ ಬೈಬಲ್ಲಿನ ಸೃಷ್ಟಿಕಥೆಯನ್ನೇ ಭೌತವಿಜ್ಞಾನದೊಳಗೆ ತಂದಿಟ್ಟರು ಎನ್ನುವವರಿದ್ದಾರೆ. ಆ ಪಾದ್ರಿ, ಜಾರ್ಜ್ ಲೆಮೈತ್ರ್ ಅವರ 1927ರ ಪ್ರಬಂಧ ಓದಿದರೆ ಈ ಮಾತು ನಿಲ್ಲುವುದಿಲ್ಲ.

1923ರಲ್ಲಿ ಗುರುದೀಕ್ಷೆ ಪಡೆದ ಅವರು ಕೇಂಬ್ರಿಜ್‌ನಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ಬಳಿ ಕಲಿತು, ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಐನ್‌ಸ್ಟೈನರ ಸಮೀಕರಣಗಳಿಂದ ವಿಶ್ವ ಹಿಗ್ಗುತ್ತಿದೆಯೆಂದು ತೋರಿಸಿ, 42 ಗೆಲಾಕ್ಸಿಗಳ ವೇಗ ಮತ್ತು ದೂರ ಹಿಡಿದು ಅದರ ದರವನ್ನೂ ತೆಗೆದರು: ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ) ಸೆಕೆಂಡಿಗೆ 625 ಕಿಲೋಮೀಟರ್. ಆದರೆ ಆ ಮಾದರಿಯಲ್ಲಿ ವಿಶ್ವಕ್ಕೆ ಆರಂಭವೇ ಇಲ್ಲ! ಅನಂತ ಭೂತಕಾಲದಲ್ಲಿ ಸ್ಥಿರವಾಗಿದ್ದದ್ದು ಮೆಲ್ಲಮೆಲ್ಲನೆ ಹಿಗ್ಗುತ್ತದೆ, ಅಷ್ಟೆ. ಸೃಷ್ಟಿಯನ್ನು ಸಾಬೀತು ಮಾಡಲು ಹೊರಟವರು ಹೀಗೆ ಬರೆಯುತ್ತಿದ್ದರೇ?

ಆರಂಭದ ಮಾತು ಬಂದದ್ದು 1931ರಲ್ಲಿ, 'ನೇಚರ್' ಪತ್ರಿಕೆಯ ಪುಟ್ಟ ಟಿಪ್ಪಣಿಯಲ್ಲಿ. ಅವರ ತರ್ಕ ಇಷ್ಟು: ಒಟ್ಟು ಶಕ್ತಿ ಬದಲಾಗದು, ಅದು ಹಂಚಿಹೋಗಿರುವ ಕ್ವಾಂಟಂಗಳ (ಶಕ್ತಿಯ ಬಿಡಿ ತುಣುಕುಗಳ) ಸಂಖ್ಯೆ ಮಾತ್ರ ಏರುತ್ತದೆ, ಕಾಲದಲ್ಲಿ ಹಿಂದೆ ಹೋದಂತೆ ಆ ಸಂಖ್ಯೆ ಇಳಿದು ಕೆಲವಕ್ಕೆ, ಕೊನೆಗೆ ಒಂದಕ್ಕೆ ಬರಬೇಕು. ಬೆರಳಚ್ಚು ಪ್ರತಿಯ ಕೊನೆಗೆ ಇನ್ನೊಂದು ಪ್ಯಾರಾ ಇತ್ತು. ದೇವರು ಮರೆಯಲ್ಲಿರುವವನು, ಭೌತವಿಜ್ಞಾನ ಸೃಷ್ಟಿಗೊಂದು ತೆರೆ ಎಳೆದಿರುವುದು ನಂಬಿದವರಿಗೆ ಸಂತೋಷವೇ ಎಂಬರ್ಥದ್ದು. ಅಚ್ಚಿಗೆ ಹೋಗುವ ಮುನ್ನ ಅದನ್ನು ಹೊಡೆದುಹಾಕಿದರು. ವಾದದ ಒಂದು ಕೊಂಡಿಯೂ ಕಳಚಲಿಲ್ಲ. ಸಂಶೋಧನೆಗಿಳಿದ ಕ್ರೈಸ್ತ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೂ ಈ ಪರೀಕ್ಷೆ ಒಡ್ಡಬೇಕು: ದೇವರ ಮಾತು ತೆಗೆದ ಮೇಲೂ ಲೆಕ್ಕ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಅಲ್ಲಿ ದತ್ತಾಂಶ ಇರಬೇಕಾದ ಜಾಗದಲ್ಲಿ ನಂಬಿಕೆ ಕೂತಿದೆ. ಅದು ನಂಬಿಕೆಗೂ ಒಳ್ಳೆಯದಲ್ಲ.

ಏಕೆಂದರೆ ಅಂಕಿ ಬದಲಾಗುತ್ತದೆ. 625ರ ದರವನ್ನು ನೇರವಾಗಿ ಹಿಂದಕ್ಕೆ ಓಡಿಸಿದರೆ ಸಿಗುವ ವಯಸ್ಸು ಸುಮಾರು 156 ಕೋಟಿ ವರ್ಷ. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು. ಗೆಲಾಕ್ಸಿಗಳು ನಿಜಕ್ಕಿಂತ ತೀರಾ ಹತ್ತಿರ ಎಂದುಕೊಂಡದ್ದೇ ತಪ್ಪಿನ ಮೂಲ. ಇಂದಿನ ದರ 70ರ ಆಸುಪಾಸು.

1951ರ ನವೆಂಬರಿನಲ್ಲಿ ಪೋಪ್ 12ನೇ ಪಯಸ್, ವಿಜ್ಞಾನವು 'ಬೆಳಕಾಗಲಿ' ಎಂಬ ಆದಿವಾಕ್ಯಕ್ಕೆ ಸಾಕ್ಷಿಯಾಗಿದೆ ಎಂದಾಗ ಲೆಮೈತ್ರ್ ಕಳವಳಪಟ್ಟರು. ಮರುವರ್ಷ ಸೆಪ್ಟೆಂಬರಿನಲ್ಲಿ ರೋಮ್‌ನಲ್ಲಿ ಖಗೋಳವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ವಾಲ್ಟರ್ ಬಾಡೆ ಗೆಲಾಕ್ಸಿಗಳ ದೂರವನ್ನು ಸರಿಸುಮಾರು ಇಮ್ಮಡಿ ಮಾಡಬೇಕೆಂದದ್ದು ಅಲ್ಲಿಯೇ; ಅಂದರೆ ದರ ಅರ್ಧಕ್ಕಿಳಿದು ವಯಸ್ಸೂ ಇಮ್ಮಡಿಯಾಗುತ್ತದೆ. ಸೇರಿದ್ದ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತಾಡಿದ ಪೋಪ್, ಹಿಂದಿನ ವರ್ಷದ ಮಾತನ್ನು ಮತ್ತೆ ಎತ್ತಲಿಲ್ಲ.