ಸಿ ಗ್ರೇಡಿನೊಳಗಿನ ಪ್ರಗತಿ

ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕಿ ನಾನು. ಮೊದಲ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ವಾರ, ಸರ್ಕಾರಿ ಶಾಲೆಯೊಂದರ ಐದನೇ ತರಗತಿಯ ಮೇಷ್ಟ್ರು ಬೌದ್ಧಿಕ ನ್ಯೂನತೆಯಿರುವ ಹುಡುಗನೊಬ್ಬನ ಪ್ರಗತಿ ಪತ್ರವನ್ನು ಮುಂದಿಟ್ಟು, "ಹೋದ ವರ್ಷವೂ ಸಿ, ಈ ಸಲವೂ ಸಿ. ಪ್ರಗತಿ ಅಂತ ಏನು ಬರೀಲಿ ಮೇಡಂ?" ಎಂದು ಕೇಳಿದರು. ಕೇಳಿದ್ದರಲ್ಲಿ ನ್ಯಾಯವಿತ್ತು. ನೂರಕ್ಕೆ 30ಕ್ಕಿಂತ ಕಡಿಮೆ ಬಂದವರೆಲ್ಲ ಅದೊಂದೇ ಅಕ್ಷರದಲ್ಲಿ ಸೇರಿಹೋಗುವುದರಿಂದ, ಸೊನ್ನೆಯಿಂದ 20ಕ್ಕೆ ಏರಿದ ಮಗುವಿನ ಶ್ರಮ ಅಲ್ಲಿ ಕಾಣುವುದೇ ಇಲ್ಲ.

ನಾನು ಬಳಸುವ ಎಫ್‌ಎಸಿಪಿ ಎಂಬ, ಮಗುವಿನ ದಿನನಿತ್ಯದ ಕೌಶಲಗಳನ್ನು ಅಳೆಯುವ ಪಟ್ಟಿ ಬೌದ್ಧಿಕ ನ್ಯೂನತೆಯುಳ್ಳವರಿಗಾಗಿ ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯಲ್ಲಿ ರೂಪುಗೊಂಡದ್ದು. ಮಗು ಒಂದು ಕೆಲಸವನ್ನು ತಾನಾಗಿಯೇ ಮಾಡಿತೇ, ಸಣ್ಣ ಸುಳಿವು ಬೇಕಾಯಿತೇ, ಬಾಯಿಬಿಟ್ಟು ಹೇಳಬೇಕಾಯಿತೇ, ಕೈ ಹಿಡಿದು ಮಾಡಿಸಬೇಕಾಯಿತೇ ಎಂಬುದನ್ನು ಅದರಲ್ಲಿ ಗುರುತಿಸುತ್ತೇವೆ.

ಮೇಜಿನ ಮೇಲೆ ಚಿಲ್ಲರೆ ಹರವಿ ಏಳು ರೂಪಾಯಿ ಕೊಡಲು ಹುಡುಗನಿಗೆ ಹೇಳಿದೆ. ಜೂನ್‌ನಲ್ಲಿ ಅವನ ಕೈ ಹಿಡಿದು ನಾಣ್ಯದ ಮೇಲೆ ಇಡಿಸಬೇಕಾಗಿತ್ತು. ಈಗ ಐದರ ನಾಣ್ಯವನ್ನು ತಾನೇ ಹೆಬ್ಬೆರಳಿನಿಂದ ಮುಂದೆ ತಳ್ಳಿ ನಿಂತ. "ಇನ್ನೂ ಎರಡು ರೂಪಾಯಿ ಬೇಕಲ್ಲ ಪುಟ್ಟಾ" ಎಂದಾಗ ಒಂದು ನಾಣ್ಯವನ್ನು ಮಗುಚಿ, ಅಂಕಿ ನೋಡಿ, ಅದನ್ನು ಬಿಟ್ಟು ಬೇರೊಂದನ್ನು ಎತ್ತಿಕೊಟ್ಟ. (ಈಗಿನ ಒಂದು, ಎರಡು ರೂಪಾಯಿಯ ನಾಣ್ಯಗಳಲ್ಲಿ ದೊಡ್ಡವರೇ ತಡವರಿಸುತ್ತಾರೆ.)

ಮೇಷ್ಟ್ರಿಗೆ ಖುಷಿಯಾಗಿ, "ಬಂತಲ್ಲ, ಬರುತ್ತೆ ಅಂತಲೇ ಹಾಕಿಬಿಡಿ" ಎಂದರು. ನಾನು 'ಮಾತಿನ ಸೂಚನೆಯಿಂದ' ಎಂದೇ ಗುರುತು ಹಾಕಿದೆ. ಕರುಣೆಯಿಂದ ಹಾಕಿದ ಗುರುತಿನಿಂದ ಮಗುವಿಗೇ ನಷ್ಟ, ಏಕೆಂದರೆ ಬರುತ್ತದೆ ಎಂದು ಬರೆದ ಮರುಕ್ಷಣವೇ ಆ ಪಾಠವನ್ನು ಮುಂದುವರಿಸುವವರು ಯಾರೂ ಇರುವುದಿಲ್ಲ.

ಪಟ್ಟಿಯಲ್ಲಿ ಅಂಗಡಿಯಿಂದ ಸಾಮಾನು ತರುವ ಅಂಶ ಬಂದಾಗ ತಾಯಿಯನ್ನು ವಿಚಾರಿಸಿದೆ. "ಎಲ್ಲಿ ಕಳಿಸೋದು ಮೇಡಂ, ಬೀದಿ ಹುಡುಗರು ಆಡ್ಕೋತಾರೆ" ಎಂದರು. ಅಲ್ಲಿ 'ಅವಕಾಶ ಸಿಕ್ಕಿಲ್ಲ' ಎಂದು ಬರೆದೆ. ಮಾಡಲು ಬಿಡದ ಕೆಲಸವನ್ನು ಬಾರದ ಕೆಲಸದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಇದನ್ನೆಲ್ಲ ಪ್ರಗತಿ ಪತ್ರದ ಜೊತೆ ಲಗತ್ತಿಸಬಹುದೇ ಎಂಬ ಅಳುಕು ಮೇಷ್ಟ್ರಿಗಿತ್ತು. ವಿಕಲಚೇತನರ ಹಕ್ಕುಗಳ ಕುರಿತ 2016ರ ಕಾಯ್ದೆಯ 16ನೇ ಕಲಂ, ಇಂತಹ ಪ್ರತಿ ವಿದ್ಯಾರ್ಥಿಯ ಭಾಗವಹಿಸುವಿಕೆಯನ್ನೂ ಕಲಿಕೆಯ ಮಟ್ಟವನ್ನೂ ಗಮನಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೇ ಒಪ್ಪಿಸಿದೆ ಎಂದೆ. ಸಿ ಗ್ರೇಡ್ ಹಾಗೆಯೇ ಉಳಿಯಿತು; ಪಟ್ಟಿಯ ಪ್ರತಿ ಅದರ ಹಿಂದೆ ಸೇರಿತು. ತಾಯಿಯ ಜೊತೆ ಅಂಗಡಿಗೆ ಹೋಗಿ ಹತ್ತು ರೂಪಾಯಿಯೊಳಗಿನ ವಸ್ತುವೊಂದಕ್ಕೆ ತಾನೇ ಹಣ ಎಣಿಸಿ ಕೊಡುವುದೆಂದು ಮುಂದಿನ ಮೂರು ತಿಂಗಳ ಗುರಿಯನ್ನು ಬರೆದುಕೊಂಡು, ಮೂವರೂ ಸಹಿ ಹಾಕಿದೆವು.